ಎರಡು ಕೋಣೆಯ ಸರಾಸರಿ

ನಮ್ಮೂರಿನ ಪೇದೆ ಎಂಥವನೆಂದರೆ, ಅವನು ಇಲ್ಲಿ ಕೆಮ್ಮಿದರೆ ಪಕ್ಕದ ತಾಲ್ಲೂಕಿನ ಕಳ್ಳ ಕದ್ದದ್ದನ್ನು ವಾಪಸು ಇಟ್ಟು ಹೋಗುತ್ತಿದ್ದ. ಅಂಥವನು ಬಡ್ತಿಯ ಆಸೆಗೆ ಅಪರಾಧಶಾಸ್ತ್ರ ಓದಲು ಹೋಗಿ ಸಂಖ್ಯಾಶಾಸ್ತ್ರದ ಕೈಗೆ ಸಿಕ್ಕಿಬಿದ್ದ. ಪಾಸಾಗಲು ಮೂವತ್ತೈದು ಬೇಕು. ಮೂರು ವರ್ಷದಿಂದ ಅವನಿಗೆ ಬರುತ್ತಿದ್ದದ್ದು ಮೂವತ್ತು. ಉಳಿದವರೆಲ್ಲ ಆ ಲೆಕ್ಕಕ್ಕೆ ಹೆದರಿ ಓಡಿಹೋಗಿ, ಎರಡು ಕೋಣೆಯಲ್ಲಿ ಐದೇ ಜನ ಉಳಿದಿದ್ದರು.

ಒಂದು ದಿನ ಪ್ರಿನ್ಸಿಪಾಲರು ಬಂದು ಗುಡುಗಿದರು. "ಎ ವಿಭಾಗದಲ್ಲಿ ಐವತ್ತು, ನಲವತ್ತು, ಮೂವತ್ತು. ಬಿ ವಿಭಾಗದಲ್ಲಿ ಇಪ್ಪತ್ತು, ಹತ್ತು. ನಾಳೆಯೊಳಗೆ ಎರಡೂ ಕಡೆ ಸರಾಸರಿ ಏರಬೇಕು. ಇಲ್ಲದಿದ್ದರೆ ಕೋರ್ಸನ್ನೇ ಮುಚ್ಚಿಬಿಡುತ್ತೇನೆ."

ಕೋರ್ಸು ಹೋದರೆ ಬಡ್ತಿಯೂ ಹೋಯಿತು. ಇಷ್ಟು ವರ್ಷದಲ್ಲಿ ಪೇದೆಯ ತಲೆಗೆ ಹತ್ತಿದ್ದು ಸರಾಸರಿಯ ಪಾಠ ಒಂದೇ. ಅವನು ಮೆಲ್ಲಗೆ ಎದ್ದ. ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಎ ಕೋಣೆಯಿಂದ ಬಿ ಕೋಣೆಗೆ ಹೋಗಿ ಕೂತ.

"ಏನಯ್ಯಾ ಇದು?" ಎಂದರು ಪ್ರಿನ್ಸಿಪಾಲರು, ಹಿಂದೆಯೇ ಬಂದು.

"ನಾಳೆವರೆಗೆ ಯಾಕೆ ಸಾರ್, ಈಗಲೇ ಲೆಕ್ಕ ಹಾಕಿ ನೋಡಿ."

ಹಾಕಿದರು. ಎ ವಿಭಾಗದ ಸರಾಸರಿ ನಲವತ್ತಿದ್ದದ್ದು ನಲವತ್ತೈದಾಗಿತ್ತು. ಬಿ ವಿಭಾಗದ್ದು ಹದಿನೈದರಿಂದ ಇಪ್ಪತ್ತಕ್ಕೆ ಏರಿತ್ತು. ಕ್ಯಾಲ್ಕುಲೇಟರನ್ನು ಮೇಜಿಗೆ ಕುಟ್ಟಿ, ಕನ್ನಡಕ ಒರೆಸಿ ಮತ್ತೆ ಲೆಕ್ಕ ಹಾಕಿದರು. ಉತ್ತರ ಅದೇ. ಕೊಟ್ಟ ಮಾತಿನಂತೆ ಕೋರ್ಸು ಉಳಿಯಿತು.

"ಎರಡು ಕೋಣೆಗೂ ಐದೈದು ಏರಿಸಿದೆಯಲ್ಲಯ್ಯಾ. ನಿನ್ನದೆಷ್ಟು ಏರಿತು?"

"ನನ್ನದು ಅದೇ ಮೂವತ್ತು ಸಾರ್. ಈ ಸಲವೂ ಫೇಲು," ಎಂದ ಪೇದೆ, ಬೆಂಚಿನ ಧೂಳು ಒರೆಸುತ್ತ. "ಆದರೆ ಈ ಕೋಣೆಗೆ ನಾನೇ ಫಸ್ಟು."