ಬಿಲ ಕಳೆದುಕೊಂಡ ಹೆಗ್ಗಣ

ಹೆಗ್ಗಣವೊಂದು ಮೆಣಸಿನಕಾಯಿ ಬೀಜವೆಂದುಕೊಂಡು ತಲೆ ಕೆಡಿಸುವ ಉಮ್ಮತ್ತಿ ಬೀಜ ತಿಂದಿತು. ಬಾಯಿ ಒಣಗಿತು, ಕಣ್ಣು ಅಗಲವಾಯಿತು. ಮನೆಗೆ ಹೋಗಿ ಮಲಗೋಣವೆಂದು ಹೊರಟರೆ ಬಿಲವೇ ಸಿಗಲಿಲ್ಲ. ಬೇಲಿ ಇದೆ, ಬೇವಿನ ಮರ ಇದೆ, ಮರದ ಬುಡದ ಕಲ್ಲೂ ಇದೆ. ಅವುಗಳಿಂದ ಬಿಲ ಯಾವ ಕಡೆಗೆ ಅನ್ನೋದು ಮಾತ್ರ ನೆನಪಿಗೆ ಬಾರದು. ಮೂರು ಸಲ ತನ್ನ ಬಿಲದ ಬಾಯನ್ನೇ ದಾಟಿ ಹೋಯಿತು.

"ಯಾರೋ ನನ್ನ ಬಿಲ ಕದ್ದಿದ್ದಾರೆ!" ಎಂದು ಕೂಗಿತು.

ಮರದ ಮೇಲಿನ ಅಳಿಲು ನಕ್ಕಿತು. "ಹೊತ್ತುಕೊಂಡು ಹೋಗೋಕೆ ಅದೇನು ಬುಟ್ಟಿಯೇ, ಮಾವ? ಕಣ್ಣು ನೋಡಿದರೇ ಗೊತ್ತಾಗುತ್ತೆ, ನೀನು ಉಮ್ಮತ್ತಿ ತಿಂದಿದ್ದೀಯ. ಆ ಕಲ್ಲಿನಿಂದ ಎಡಕ್ಕೆ ನಾಲ್ಕು ಹೆಜ್ಜೆ ಇಡು. ಬೇಗ ಒಳಗೆ ಸೇರಿಕೋ, ಬೆಕ್ಕು ಬರೋ ಹೊತ್ತು."

"ನನ್ನ ಬಾಗಿಲಿಗೆ ಎಷ್ಟು ಹೆಜ್ಜೆ ಅಂತ ನಿನಗೆ ಹೇಗೆ ಗೊತ್ತು? ಅಳತೆ ನೋಡಿದ್ದೀಯ ಅಂದಮೇಲೆ ಕದ್ದವನೂ ನೀನೇ."

"ಹುಟ್ಟಿದಾಗಿನಿಂದ ಪಕ್ಕದಲ್ಲೇ ಇದ್ದೀನಲ್ಲೋ ಮಾರಾಯ!"

"ಅದಕ್ಕೇ ಅನುಮಾನ."

ಅಷ್ಟರಲ್ಲಿ ಬೆಕ್ಕು ಬಂತು. ಹೆಗ್ಗಣಕ್ಕೆ ಬೆಕ್ಕಿನ ಭಯಕ್ಕಿಂತ ಕಳವಿನ ಅನುಮಾನವೇ ದೊಡ್ಡದಾಗಿತ್ತು. "ನನ್ನ ಬಿಲ ಎಲ್ಲಿದೆ, ನಿನಗೆ ಗೊತ್ತೋ?" ಎಂದು ಗದರಿ ಕೇಳಿತು.

"ದೇವರಾಣೆಗೂ ಗೊತ್ತಿಲ್ಲ. ಗೊತ್ತಿದ್ದರೆ ಇಷ್ಟು ದಿನ ಬೇಲಿ ಸುತ್ತ ಅಲೀತಿದ್ದೆನೇ? ಬಾ, ಇಬ್ಬರೂ ಸೇರಿ ಹುಡುಕೋಣ."

ಹೆಗ್ಗಣ ಅಳಿಲಿನ ಕಡೆ ತಿರುಗಿತು. "ಕೇಳಿಸಿತೇ? ಕದಿಯದವರ ಮಾತು ಹೀಗಿರುತ್ತೆ."

"ನೀನೇ ಮುಂದೆ ನಡಿ," ಎಂದು ಬೆಕ್ಕು ದಾರಿ ಬಿಟ್ಟಿತು.