ಪುನುಗುಬೆಕ್ಕು ಬಚ್ಚಿಟ್ಟ ಬಿಳಿ ಕಲ್ಲು

ಒಂದು ಕಾಡಲ್ಲಿ, ಹಳ್ಳದ ಪಕ್ಕದಲ್ಲೇ, ಅಗಲವಾದ ಹಾಸುಬಂಡೆ ಇತ್ತು. ಅಲ್ಲಿನ ಪ್ರಾಣಿಗಳ ಕೆಲಸಗಳೆಲ್ಲ ಆ ಬಂಡೆ ಮೇಲೇ ಇರ್ತಿದ್ವು. ಹೆಂಗೆ ಅಂತೀರಾ? ಕೆಲಸಕ್ಕೊಂದು ಗುರುತು. ದಾರಿ ಮುಳ್ಳು ತೆಗೆಯೋದಕ್ಕೆ ಒಂದು ಮುಳ್ಳು. ನೀರಿನ ಗುಂಡಿ ಬಾಚೋದಕ್ಕೆ ಒಂದು ಒಣಗಿದೆಲೆ. ಸಂಜೆ ಮನೆಮನೆಗೂ ಹೋಗಿ "ಎಲ್ಲರೂ ಮನೆ ಸೇರಿದ್ರಾ?" ಅಂತ ಕೇಳೋದಕ್ಕೆ ಒಂದು ಬಿಳಿ ಕಲ್ಲು. ಇದಂತೂ ತುಂಬಾ ಮುಖ್ಯ, ಯಾಕಂದ್ರೆ ಕತ್ತಲಾಯ್ತು ಅಂದ್ರೆ ಚಿರತೆ ನೀರು ಕುಡಿಯೋಕೆ ಹಳ್ಳಕ್ಕೆ ಬರ್ತಿತ್ತು. ಬಂಡೆ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಜಾಗ, ಯಾರ ಜಾಗದಲ್ಲಿ ಯಾವ ಗುರುತಿದೆ ಅಂತ ಎಲ್ಲರಿಗೂ ಕಾಣೋದು.

ಪುನುಗುಬೆಕ್ಕಿಗೆ ಇದು ಹಿಡಿಸ್ಲೇ ಇಲ್ಲ. ಅದು ಕೆಲಸ ತಪ್ಪಿಸಿದ್ರೆ ಎಲ್ಲರಿಗೂ ಗೊತ್ತಾಗಿಬಿಡ್ತಿತ್ತಲ್ಲ!

ಒಂದಿನ ಅದು ಎಲ್ಲರನ್ನೂ ಕರೆದು ಹೇಳ್ತು, "ಅಲ್ರಪ್ಪಾ, ಇಷ್ಟೊಂದು ಗುರುತು ನೋಡಿ ನೋಡಿ ನಿಮಗೆ ತಲೆ ಕೆಡಲ್ವಾ? ಆ ಅತ್ತಿಮರದ ಬುಡದಲ್ಲಿ ಬೇಕಾದಷ್ಟು ಪೊಟರೆ ಇವೆ. ಒಬ್ಬೊಬ್ಬರಿಗೆ ಒಂದೊಂದು. ನಿಮ್ಮ ಕೆಲಸ ನಿಮ್ಮ ಪೊಟರೇಲಿ. ಹಂಚೋ ತಲೆನೋವು ನಂಗಿರ್ಲಿ. ಆದ್ರೆ ಇನ್ನೊಬ್ಬರ ಪೊಟರೆ ಇಣುಕಬಾರದು, ಅದು ಮರ್ಯಾದೆ ಅಲ್ಲ."

"ನಮಗೋಸ್ಕರ ಎಷ್ಟು ಕಷ್ಟ ಪಡ್ತೀಯಪ್ಪ," ಅಂತು ಆಮೆಜ್ಜಿ.

ಆಮೇಲೆ ನೋಡಿ. ಪುನುಗು ತನ್ನ ಪಾಲಿನ ಮುಳ್ಳನ್ನ ಮುಳ್ಳುಹಂದಿ ಪೊಟರೆಗೆ ಹಾಕ್ತು. ತನ್ನ ಒಣಗಿದೆಲೆನ ಮೊಲದ ಪೊಟರೆಗೆ ತುರುಕ್ತು. ಪಾಪ, ಮುಳ್ಳುಹಂದಿ ದುಡೀತು, ದುಡೀತು, ಎಲ್ಲರಿಗೂ ಇಷ್ಟೇ ಇರುತ್ತೇನೋ ಅಂದ್ಕೊಂಡು ಮತ್ತೂ ದುಡೀತು.

ಬಿಳಿ ಕಲ್ಲನ್ನ ಮಾತ್ರ ಪುನುಗು ಯಾರಿಗೂ ಕೊಡ್ಲಿಲ್ಲ. ಕೊಟ್ರೆ ಅವರು ಸಂಜೆ ಅದರ ಮನೆಗೂ ಬಂದು ಕೇಳ್ತಾರಲ್ವಾ? ಅದಕ್ಕೋ, ಸಂಜೆ ಹೊತ್ತು ಒಬ್ಬನೇ ಹಳ್ಳದಾಚೆ ಹೋಗಿ ನೇರಳೆ ಹಣ್ಣು ತಿನ್ನೋ ಆಸೆ. ಅದಕ್ಕೇ ಕಲ್ಲನ್ನ ತನ್ನ ಪೊಟರೇಲೇ ಬಚ್ಚಿಡ್ತು.

ಹೀಗೇ ಕೆಲವು ದಿನ ಕಳೀತು. ಒಂದಿನ ಸಂಜೆ ಪುನುಗು ನೇರಳೆ ಮರ ಹತ್ತಿ ತಿಂತಾ ಇತ್ತು. ಕೂತಿದ್ದ ಕೊಂಬೆ ಲಟಕ್ಕಂತ ಮುರೀತು. ಪುನುಗು ಕೆಳಗೆ ಬಿತ್ತು, ಕೊಂಬೆ ಅದರ ಹಿಂಗಾಲ ಮೇಲೆ ಬಿತ್ತು. ಎಳೆದ್ರೂ ಕಾಲು ಬರ್ಲಿಲ್ಲ. ಕೂಗಿದ್ರೆ ಚಿರತೆಗೆ ಕೇಳುತ್ತೆ. ಸುಮ್ಮನಿದ್ರೆ ಯಾರಿಗೂ ಕೇಳಲ್ಲ. ಯಾರಾದ್ರೂ ಹುಡುಕ್ಕೊಂಡು ಬರ್ತಾರಾ ಅಂದ್ರೆ, ಹುಡುಕೋ ಕೆಲಸ ಅದರ ಪೊಟರೇಲೇ ಕೂತಿದೆ.

ಅದೇ ಹೊತ್ತಿಗೆ ಮೊಲ ಮುಳ್ಳುಹಂದಿ ಮನೆಗೆ ಓಡಿಬಂತು. "ಮುಳ್ಳಣ್ಣ, ಈಗೀಗ ಸಂಜೆ ಯಾರೂ ಬಂದು ಕೇಳ್ತಾನೇ ಇಲ್ಲ. ಬಿಳಿ ಕಲ್ಲು ನಿನ್ನ ಹತ್ರ ಇದ್ಯಾ?"

"ನನ್ನ ಹತ್ರ ಅದೊಂದು ಬಿಟ್ಟು ಉಳಿದದ್ದೆಲ್ಲ ಇದೆ ಕಣೇ."

ಆಮೆಜ್ಜಿ ಹತ್ರಾನೂ ಇರ್ಲಿಲ್ಲ. ಮೂವರೂ ಅತ್ತಿಮರದ ಹತ್ರ ಬಂದ್ರು.

"ಇನ್ನೊಬ್ಬರದ್ದು ಇಣುಕಬಾರದು ಅಂದಿದ್ದನಲ್ಲ," ಅಂತು ಆಮೆಜ್ಜಿ.

"ಯಾರು ಅಂದಿದ್ದು, ಅಜ್ಜಿ?"

"ಪುನುಗು."

ಮೊಲ ಸೀದಾ ಪುನುಗಿನ ಪೊಟರೆಗೇ ತಲೆ ಹಾಕ್ತು. ಒಳಗೆ ಬಿಳಿ ಕಲ್ಲು ಬಿಟ್ರೆ ಬೇರೇನೂ ಇಲ್ಲ. ಮುಳ್ಳುಹಂದಿ ಮುಳ್ಳೆಲ್ಲ ನಿಮಿರಿಬಿಡ್ತು. "ಬರ್ಲಿ ಆ ಕಳ್ಳ!"

"ಬೈಯೋದು ಆಮೇಲೆ, ಮುಳ್ಳಣ್ಣ. ಮೊದ್ಲು ಯಾರು ಸೇರಿಲ್ಲ ನೋಡೋಣ," ಅಂತು ಮೊಲ.

ಮನೆಮನೆ ನೋಡಿದ್ರು. ಎಲ್ಲರೂ ಇದ್ರು, ಪುನುಗು ಮಾತ್ರ ಇರ್ಲಿಲ್ಲ. ಹುಡುಕ್ತಾ ಹಳ್ಳದಾಚೆ ಹೋದ್ರೆ ಕಾಲು ಸಿಕ್ಕಿಹಾಕ್ಕೊಂಡು ಬಿದ್ದಿದೆ. ಮುಳ್ಳುಹಂದಿ ಕೊಂಬೆನ ಕರಕರ ಕಡೀತು, ಕಾಲು ಬಿಡಿಸ್ತು. ಎಲ್ಲರೂ ಮನೆ ಸೇರೋದಕ್ಕೂ ಚಿರತೆ ಹಳ್ಳಕ್ಕೆ ಇಳಿಯೋದಕ್ಕೂ ಸರಿಹೋಯ್ತು.

ಪುನುಗು ಅತ್ತುಬಿಡ್ತು. "ನಿಂಗೆ ನನ್ನ ಕೆಲಸಾನೂ ಹೊರಿಸಿದ್ದೆ ಮುಳ್ಳಣ್ಣ. ಆದ್ರೂ ಬಂದೆ. ನಿನ್ನ ಋಣ ಹೆಂಗೆ ತೀರಿಸ್ಲಿ?"

"ನಿನ್ನ ಮುಳ್ಳು ನೀನು ತಗೋ, ಸಾಕು. ಮೊಲಕ್ಕೆ ಹೇಳು ಥ್ಯಾಂಕ್ಸು. ಬಿಳಿ ಕಲ್ಲು ಎಲ್ಲಿ ಅಂತ ಕೇಳಿದ್ದು ಅವಳು."

ಮಾರನೇ ದಿನ ಪುನುಗು ಕುಂಟ್ತಾ ಕುಂಟ್ತಾ ಎಲ್ಲಾ ಗುರುತೂ ಬಂಡೆ ಮೇಲೆ ತಂದಿಡ್ತು. ಯಾರು ಬೇಕಾದ್ರೂ ಎಲ್ಲಾ ನೋಡಬಹುದು, ಆದ್ರೆ ಒಬ್ಬರ ಗುರುತು ಇನ್ನೊಬ್ಬರು ಮುಟ್ಟೋ ಹಾಗಿಲ್ಲ ಅಂತ ಆಯ್ತು. ಬಿಳಿ ಕಲ್ಲು ನಂಗೇ ಇರ್ಲಿ ಅಂತ ಪುನುಗೇ ಕೇಳ್ಕೊಂಡು ತಗೊಳ್ತು.

ಸಂಜೆ ಆಮೆಜ್ಜಿ ಬಾಗಿಲಲ್ಲಿ ಮತ್ತೆ ಮತ್ತೆ ಪುನುಗಿನ ದನಿ. "ಅಜ್ಜೀ, ಸೇರಿದ್ಯಾ?"

"ಆಗ್ಲೇ ಸೇರಿದೀನಿ ಕಣೋ. ಎಷ್ಟು ಸಲ ಕೇಳ್ತೀಯಾ, ಮಲಗೋಕೆ ಬಿಡು."

ನೀತಿ: ಎಲ್ಲರ ಕೆಲಸ ಎಲ್ಲರ ಕಣ್ಣಿಗೂ ಕಾಣ್ತಿರಬೇಕು. ಬಚ್ಚಿಟ್ಟ ಕೆಲಸ ಕೊನೆಗೆ ಬಚ್ಚಿಟ್ಟವರನ್ನೇ ಕೈಬಿಡುತ್ತೆ.