ಹನ್ನೆರಡು ಮಣಿಕಟ್ಟು

ನಂಬಲಾರದವರು ಈಗಲೇ ಎದ್ದು ಹೋಗಬಹುದು, ನನಗೇನೂ ಬೇಜಾರಿಲ್ಲ. ಹನ್ನೆರಡು ಮಂದಿಯ ನಾಡಿಯನ್ನು ಕಾಲು ಗಂಟೆಯಲ್ಲಿ ಎಣಿಸಿ ಮುಗಿಸಿದವನು ನಮ್ಮ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ನಾನೊಬ್ಬನೇ. ಹಾಗೆ ಮುಗಿಸಿದ ದಿನ ನಾಗನೂರ ಗುರುಗಳನ್ನು ಇಡೀ ತರಗತಿಯ ಎದುರು ಕೇಳಿದೆ:

"ಸರ್, ಗಟ್ಟಿ ಕೈಯವನನ್ನು ಬಿಟ್ಟು ನೀವು ಮತ್ಯಾರನ್ನು ನಂಬತೀರಿ?"

ಕೇಳಲು ಕಾರಣವಿತ್ತು. ಅಂದು ಓಟದ ಪರೀಕ್ಷೆ. ಒಬ್ಬೊಬ್ಬರನ್ನೇ ಟ್ರೆಡ್‌ಮಿಲ್ ಹತ್ತಿಸಿ ಉಸಿರು ಸೋಲುವವರೆಗೆ ಓಡಿಸಬೇಕು. ಹತ್ತುವ ಮೊದಲು ನಾಡಿ ನಿಮಿಷಕ್ಕೆ ನೂರರ ಒಳಗಿರಬೇಕು. ನಾಡಿ ಎಣಿಸಲು ಎದೆಗೆ ಕಟ್ಟುವ ಯಂತ್ರ ರಿಪೇರಿಗೆ ಹೋಗಿತ್ತು. ಹಾಗಾಗಿ ನಾವು ವಿದ್ಯಾರ್ಥಿಗಳೇ ಕೈಯಿಂದ ಎಣಿಸಿ ಬರೆಯಬೇಕು, ಗುರುಗಳು ಹಾಳೆ ನೋಡಿ ಸಹಿ ಮಾಡಬೇಕು.

ಉಳಿದವರು ನಾಲ್ಕನೆಯ ಮಣಿಕಟ್ಟಿನಲ್ಲೇ ನಾಡಿ ಎಲ್ಲಿದೆ ಎಂದು ತಡಕಾಡುತ್ತಿದ್ದರು. ನಾನು ತಡಕಾಡುವವನಲ್ಲ. ನಮ್ಮೂರಿನಲ್ಲಿ ನೂರು ಕಿಲೋದ ಗುಂಡುಕಲ್ಲನ್ನು ಎದೆಯವರೆಗೆ ಎತ್ತಿದ ಕೈ ಇದು. ನನ್ನ ಸ್ವಂತ ನಾಡಿ ನಲವತ್ತೆಂಟು. ತರಗತಿಯಲ್ಲಿ ಅಷ್ಟು ನಿಧಾನದ ಹೃದಯ ಇನ್ನೊಬ್ಬರಿಗಿಲ್ಲ. ಯಂತ್ರ ಕೊಟ್ಟ ಆ ಚೀಟಿಯನ್ನು ಹಾಸ್ಟೆಲ್ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ, ಬಂದು ನೋಡಬಹುದು.

ನನ್ನ ಪಾಲಿನ ಹನ್ನೆರಡನೆಯವಳು ಕಸ್ತೂರಿ. ಐದು ಸಾವಿರ ಮೀಟರ್ ಓಡುವವಳು. ಆ ದಿನ ಟ್ರೆಡ್‌ಮಿಲ್ ಹತ್ತದಿದ್ದರೆ ವಿಶ್ವವಿದ್ಯಾಲಯದ ತಂಡದಲ್ಲಿ ಅವಳ ಹೆಸರಿಲ್ಲ.

"ಬೈಲಪ್ಪಣ್ಣ, ಎರಡು ದಿನ ಜ್ವರ ಬಂದಿತ್ತು. ಅದನ್ನ ಬರೀಬ್ಯಾಡ," ಎಂದು ಪಿಸುಗುಟ್ಟಿದಳು. "ನಾಡಿ ಸರಿ ಇದ್ದರ ಸಾಕಲ್ಲ?"

"ನನ್ನ ಕೈಗೆ ಸಿಕ್ಕಿದ್ದು ಸರೀನ ಇರತೈತಿ. ಕೊಡು ಇಲ್ಲಿ."

ನಲವತ್ತೊಂಬತ್ತು ಬಂತು. "ಕುದುರಿ ಅದಿ ನೀನು!" ಎಂದು ಹೇಳಿ ಬರೆದುಕೊಂಡೆ. ಅವಳು ಶೂ ಬಿಗಿದು ಟ್ರೆಡ್‌ಮಿಲ್ ಹತ್ತಿ ನಿಂತಳು.

ಗುರುಗಳು ನನ್ನ ಹಾಳೆಯನ್ನು ಮೇಲಿನಿಂದ ಕೆಳಗೆ ಓದಿದರು. ನಲವತ್ತೆಂಟು, ನಲವತ್ತೆಂಟು, ಐವತ್ತು, ನಲವತ್ತೇಳು. ಪೆನ್ನಿನ ಮುಚ್ಚಳ ತೆಗೆದವರು ಮತ್ತೆ ಹಾಕಿದರು. ಆಗಲೇ ನಾನು ಆ ಪ್ರಶ್ನೆ ಕೇಳಿದ್ದು.

ಗುರುಗಳು ತಮ್ಮ ಕೈ ಚಾಚಿದರು. "ಹೆಂಗ ಎಣಿಸಿದಿ, ತೋರಿಸು."

ಅವರ ಮಣಿಕಟ್ಟಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದೆ. ಒತ್ತಿದ ಕೂಡಲೇ ನಾಡಿ ಸಿಕ್ಕಿತು. ಗುರುಗಳು ನನ್ನ ಹೆಬ್ಬೆರಳನ್ನು ನೋಡಿದರು. ಕೈ ಬಿಡಿಸಿಕೊಳ್ಳಲಿಲ್ಲ.

"ಹಂಗ ಹಿಡಕೊಂಡಿರು. ಬಿಡಬ್ಯಾಡ," ಎಂದರು. "ಕಸ್ತೂರಿ, ನೀನು ಸ್ವಲ್ಪ ಕೆಳಗ ಇಳಿಯವ್ವಾ."

ಆಮೇಲೆ ಈ ಕತೆ ಹೇಳಿದರು.

ಒಂದು ಊರಿನ ಗರಡಿಯಲ್ಲಿ ಒಬ್ಬ ಪೈಲ್ವಾನನಿದ್ದ. ಅವನನ್ನು ಕೆಡವಿದವರಿರಲಿಲ್ಲ. ಗರಡಿಯಲ್ಲಿ ಕುಸ್ತಿ ಕಲಿಸುತ್ತಿದ್ದ ಹಳೆಯ ವಸ್ತಾದ ತೀರಿಕೊಂಡಾಗ, ಎಲ್ಲರಿಗಿಂತ ಬಲಶಾಲಿ ಎಂದು ಊರವರು ಅವನನ್ನೇ ವಸ್ತಾದನನ್ನಾಗಿ ಮಾಡಿದರು.

ಆ ಗರಡಿಯಲ್ಲಿ ಒಂದು ಪದ್ಧತಿಯಿತ್ತು. ಅಖಾಡಕ್ಕೆ ಇಳಿಯುವವನ ನಾಡಿಯನ್ನು ವಸ್ತಾದ ಹಿಡಿದು ನೋಡಬೇಕು. ನಾಡಿ ಶಾಂತವಾಗಿದ್ದರೆ ಅವನ ಹಣೆಗೆ ಕೆಂಪು ಮಣ್ಣು ಹಚ್ಚಬೇಕು. ಹಣೆಯಲ್ಲಿ ಮಣ್ಣಿಲ್ಲದವನು ಇಳಿಯುವಂತಿಲ್ಲ.

ಹಳೆಯ ವಸ್ತಾದ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕೂರುತ್ತಿದ್ದ. ಹತ್ತರಲ್ಲಿ ಇಬ್ಬರನ್ನು ಮನೆಗೆ ಕಳಿಸುತ್ತಿದ್ದ. ಪೈಲ್ವಾನನಿಗೆ ಅಷ್ಟು ತಾಳ್ಮೆಯಿರಲಿಲ್ಲ. ಅವನು ಹೆಬ್ಬೆರಳು ಒತ್ತುತ್ತಿದ್ದ. ನಾಡಿ ತಕ್ಷಣ ಸಿಗುತ್ತಿತ್ತು. ಯಾರ ಕೈ ಹಿಡಿದರೂ ಶಾಂತವಾಗಿರುತ್ತಿತ್ತು. ನನ್ನ ಕಾಲದಲ್ಲಿ ಒಬ್ಬನೂ ಮನೆಗೆ ವಾಪಸು ಹೋಗಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ.

ಒಂದು ದಿನ ಒಬ್ಬ ತರುಣ ಬಂದ. ಅವನು ಜ್ವರದಿಂದ ಎದ್ದು ಒಂದೇ ದಿನವಾಗಿತ್ತು. ಅದನ್ನು ಅವನು ಹೇಳಲಿಲ್ಲ. ಪೈಲ್ವಾನ ಹೆಬ್ಬೆರಳು ಒತ್ತಿದ. ನಾಡಿ ಮಲಗಿದ ಎತ್ತಿನಂತೆ ಶಾಂತವಾಗಿತ್ತು. ಮಣ್ಣು ಹಚ್ಚಿದ.

ತರುಣ ಇಳಿದ. ಮೊದಲ ಪಟ್ಟಿನಲ್ಲಿ ನಿಂತ. ಎರಡನೆಯ ಪಟ್ಟಿನಲ್ಲಿ ಎದುರಾಳಿಯನ್ನು ಬಿಟ್ಟು ಅಖಾಡದ ನಡುವೆ ಕುಳಿತುಕೊಂಡ. ಆಮೇಲೆ ಮಲಗಿದ.

ಇಲ್ಲಿ ಗುರುಗಳು ತುಸು ನಿಲ್ಲಿಸಿದರು. ಕಸ್ತೂರಿ ನೆಲ ನೋಡುತ್ತಿದ್ದಳು. ನನ್ನ ಹೆಬ್ಬೆರಳು ಬೆವತಿತ್ತು. ಗುರುಗಳ ನಾಡಿ ಮೊದಲಿಗಿಂತ ಬೇಗ ಬಡಿಯುತ್ತಿದೆ ಎನಿಸಿತು. ವಯಸ್ಸಾದವರು, ಕತೆ ಹೇಳುತ್ತ ಹೇಳುತ್ತ ಕಳವಳಗೊಂಡಿದ್ದಾರೆ ಎಂದುಕೊಂಡೆ.

ಪೈಲ್ವಾನ ಓಡಿ ಹೋಗಿ ತರುಣನ ಮಣಿಕಟ್ಟು ಹಿಡಿದ. ನಾಡಿ ಇತ್ತು. ವೈದ್ಯನನ್ನು ಕರೆಯಲು ಹೊರಟವರನ್ನು ತಡೆದ. "ಯಾಕ ಓಡತೀರಿ? ನಾಡಿ ಐತಿ. ಬರೇ ಎಚ್ಚರ ತಪ್ಪೈತಿ," ಎಂದ. ಓಡುತ್ತಿದ್ದವರು ನಿಂತರು.

ತರುಣನ ತುಟಿ ಬಣ್ಣಗೆಟ್ಟಿತು. ಪೈಲ್ವಾನ ಇನ್ನೂ ಗಟ್ಟಿಯಾಗಿ ಒತ್ತಿದ. ನಾಡಿ ಜೋರಾಯಿತು. ಮತ್ತೂ ಜೋರಾಯಿತು. "ಏಳತಾನ, ಏಳತಾನ! ನಾಡಿ ಓಡಾಕತ್ತೈತಿ!" ಎಂದು ಕೂಗಿದ. ಜನ ಕಾದರು. ತರುಣನ ತಾಯಿಯೂ ಕಾದಳು.

ಒಬ್ಬ ಸೂಲಗಿತ್ತಿ ಜನರನ್ನು ಸರಿಸಿ ಒಳಗೆ ಬಂದಳು. ತರುಣನ ಇನ್ನೊಂದು ಕೈಯನ್ನು ಎತ್ತಿಕೊಂಡು ಮೂರು ಬೆರಳಿಟ್ಟಳು. ಬಹಳ ಹೊತ್ತು ಹುಡುಕಿದಳು.

"ಈ ಕೈಯಾಗ ಏನೂ ಇಲ್ಲೋ ಯಪ್ಪಾ."

"ಈ ಕೈಯಾಗ ಐತಿ. ಕುಣಿಯಾಕತ್ತೈತಿ."

"ನಿನ್ನ ಹೆಬ್ಬಟ್ಟು ತಗಿ."

ಪೈಲ್ವಾನ ತೆಗೆದ. ನಾಡಿ ತರುಣನ ಕೈಯಲ್ಲಿ ಉಳಿಯಲಿಲ್ಲ. ಪೈಲ್ವಾನನ ಹೆಬ್ಬೆರಳಿನ ಜೊತೆಗೇ ಎದ್ದು ಬಂತು.

ಕತೆ ಅಲ್ಲಿಗೆ ಮುಗಿಯಿತು. ನನ್ನ ಹೆಬ್ಬೆರಳಿನ ಕೆಳಗೆ ನಾಡಿ ಕಟ್ಟು ಬಿಚ್ಚಿದ ಹೋರಿಯಂತೆ ನುಗ್ಗುತ್ತಿತ್ತು. ಗುರುಗಳ ಮುಖ ನೋಡಿದೆ. ಅವರ ಮುಖದಲ್ಲಿ ಯಾವ ಕಳವಳವೂ ಇರಲಿಲ್ಲ. ಉಸಿರು ನಿಧಾನವಾಗಿ ಹೋಗಿ ಬರುತ್ತಿತ್ತು.

ಗುರುಗಳು ನನ್ನ ಹಾಳೆಯನ್ನು ಮುಂದಕ್ಕೆ ಸರಿಸಿ ಹೇಳಿದರು: "ಎಣಿಸಿ ಬರಿ ಬೈಲಪ್ಪ, ಆದರ ಯಾರ ಹೆಸರಿನ ಮುಂದ ಬರೀತಿ ಅಷ್ಟು ಹೇಳು."

ಹಾಳೆಯ ಹನ್ನೆರಡೂ ಸಾಲಿಗೆ ಅಡ್ಡಗೆರೆ ಎಳೆದೆ.

ಕಸ್ತೂರಿ ತಾನಾಗಿಯೇ ಕೈ ಚಾಚಿದಳು. ಮೂರು ಬೆರಳಿಟ್ಟೆ. ನಾಡಿ ಬೇಗ ಸಿಗಲಿಲ್ಲ. ನಾನೂ ಎಲ್ಲರಂತೆ ತಡಕಾಡಿದೆ. ಸಿಕ್ಕ ಮೇಲೆ ಪೂರ್ತಿ ಒಂದು ನಿಮಿಷ ಎಣಿಸಿದೆ. ನೂರ ಹದಿನೆಂಟು. ಅದನ್ನು ಬರೆದೆ, ಪಕ್ಕದಲ್ಲಿ ಎರಡು ದಿನ ಜ್ವರ ಎಂದೂ ಬರೆದೆ. ಅವಳು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಗುರುಗಳ ಜೊತೆ ಆಸ್ಪತ್ರೆಗೆ ಹೋದಳು. ಆ ವರ್ಷ ತಂಡ ಅವಳಿಲ್ಲದೆ ಹೋಯಿತು. ಮರುವರ್ಷ ಅವಳು ಓಡಿದಳು.

ಸಂಜೆ ಗುರುಗಳು ನನ್ನನ್ನು ಕರೆದು ಒಂದು ಗೇಣು ಬಟ್ಟೆಯ ಪಟ್ಟಿ ಕೊಟ್ಟರು, ಹೆಬ್ಬೆರಳನ್ನು ಅಂಗೈಗೆ ಮಡಚಿ ಕಟ್ಟಿಕೊಳ್ಳಲು.